ಊರಿಂದ ಸುದ್ದಿ

ಮೂರನೆಯ ಸಲ ಕದ ಬಡಿದಾಗ ಒಳಗಿನ ರೇಡಿಯೋ ಬಾಯಿ ಮುಚ್ಚಿತು. ಮನೆಯಲ್ಲಿ ಜನ ಇದ್ದಾರೆ ಎನ್ನಲು ಗುರುಬಾಯಿಗೆ ಇನ್ನೇನು ಸಾಕ್ಷಿ ಬೇಕು? ಮನೆಮನೆಗೆ ಸಮನ್ಸು ಮುಟ್ಟಿಸುವ ಕೋರ್ಟಿನ ಬೇಲಿಫನ ಹೆಂಡತಿಯಾಗಿ ಬಾಳಿದವಳು ಅವಳು. ಮುಚ್ಚಿದ ಕದದ ಹಿಂದೆ ಜನ ಉಸಿರು ಬಿಗಿಹಿಡಿದು ಕೂತರೆ ಆ ಮೌನ ಹೇಗಿರುತ್ತದೆ ಎಂದು ಗಂಡ ಉಣ್ಣಲು ಕೂತಾಗಲೆಲ್ಲ ಹೇಳಿ ಹೇಳಿ ಅವಳಿಗೂ ಅದು ಬಾಯಿಪಾಠವಾಗಿತ್ತು.

“ರಾಮಪ್ಪಣ್ಣಾ,” ಎಂದಳು ಕದಕ್ಕೆ ಬಾಯಿ ಹಚ್ಚಿ. “ನಾ ಗುರುಬಾಯಿ. ನಮ್ಮವರು ಹೋದ್ರೋ.”

ಒಳಗಿಂದಲೇ ರಾಮಪ್ಪನ ಹೆಂಡತಿಯ ದನಿ ಬಂತು. “ನಮ್ಮವರೂ ಹೋಗ್ಯಾರ, ಊರಿಗಿ. ಬರೂದು ತಡಾ ಆಗ್ತದ.”

ಅಳುವ ಹೊತ್ತಿನಲ್ಲೂ ಗುರುಬಾಯಿಗೆ ನಗು ಬಂದಂತಾಯಿತು. ಊರಿಗೆ ಹೋಗ್ಯಾರಂತೆ! ಬಂಡೆಪ್ಪ ತನ್ನ ನೌಕರಿಯುದ್ದಕ್ಕೂ ಮುಚ್ಚಿದ ಕದಗಳಿಂದ ಕೇಳಿದ್ದು ಇದೊಂದೇ ಮಾತು. ಸಮನ್ಸನ್ನು ಹೆಂಗಸರ ಕೈಗೆ ಕೊಡುವಂತಿಲ್ಲ, ಮನೆಯ ಗಂಡಸೇ ಇಸಕೊಳ್ಳಬೇಕು ಎಂದು ಕಾಯ್ದೆ. ಹಾಗಾಗಿ ಬೇಲಿಫ ಬಂದು ಕದ ಬಡಿದನೆಂದರೆ ಮುಂಬಯಿಯ ಗಂಡಸರೆಲ್ಲ ಊರಿಗೆ ಹೋಗಿಬಿಡುತ್ತಿದ್ದರು, ಮಂಚದ ಕೆಳಗಿನ ಊರಿಗೆ. ಈಗ ಬೇಲಿಫನೇ ಹೋಗಿದ್ದಾನೆ, ಅವನಿಗೂ ಅದೇ ಉತ್ತರ.

ಬಂಡೆಪ್ಪ ತೀರಿಕೊಂಡದ್ದು ಬೆಳಕು ಹರಿಯುವಾಗ. ಖೋಲಿಯೊಳಗಿನ ಮೋರಿಯ ಮುಂದೆ ಮುಖ ತೊಳೆಯಲು ಕುಕ್ಕರಗಾಲಲ್ಲಿ ಕೂತವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. ಕೆಳಗಿನ ಓಣಿಯ ಡಾಕ್ಟರು ಬಂದು ನಾಡಿ ನೋಡಿ, ಚಾದರ ಎಳೆದು ಮುಖ ಮುಚ್ಚಿ ಹೋದರು. ಮಗಳು ಮಲ್ಲಕ್ಕ ಅತ್ತುಕೊಂಡೇ ಲೋಕಲ್ ಟ್ರೇನು ಹಿಡಿದು ಮಲಾಡಿಗೆ ಹೋದಳು, ಅಪ್ಪನ ಜೊತೆಗಾರ ಬೇಲಿಫ ಸಾವಂತನನ್ನು ಕರೆತರಲು. ಭಾನುವಾರ, ಕೋರ್ಟಿಗೆ ರಜೆ. ಹೇಳಿ ಕಳಿಸಲು ಇನ್ನು ಯಾರೂ ಇರಲಿಲ್ಲ. ಗುರುಬಾಯಿ ಒಬ್ಬಳೇ ಹೆಣದ ತಲೆಯ ಹತ್ತಿರ ಕೂತು ಹಾಡಿಕೊಂಡು ಅತ್ತಳು. ಪರೇಲಿನ ಆ ಚಾಳಿನ ಮೂರನೆಯ ಮಾಳಿಗೆಯಲ್ಲಿ ಇದ್ದವರೆಲ್ಲ ಅವರ ಇಂಡಿ ತಾಲೂಕಿನ ಕಡೆಯವರೇ. ಆ ಅಳುವಿನ ಅರ್ಥ ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ. ಆದರೆ ಅತ್ತಷ್ಟೂ ಖೋಲಿಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಚಿಲಕ ಬೀಳುವ ಸಪ್ಪಳವೇ ಕೇಳಿತು. ಹಾಲಿನವನಿಗೆಂದು ಅರ್ಧ ತೆರೆದಿದ್ದ ಬಾಗಿಲುಗಳೂ ಮುಚ್ಚಿಕೊಂಡವು.

ಸಾವಿನ ಮನೆಯವರು ಜನರನ್ನು ಕರೆಯಲು ಹೋಗಬಾರದು. ಮದುವೆಗೆ ಕರೆದರೆ ಹೋಗಬೇಕು, ಮಣ್ಣಿಗೆ ಅಳು ಕಿವಿಗೆ ಬಿದ್ದರೆ ತಾವೇ ಹೋಗಬೇಕು ಎನ್ನುವುದು ಅವರ ಕಡೆಯ ರೀತಿ. ಮುಂಬಯಿಯಲ್ಲಿ ಮಣ್ಣೆಲ್ಲಿ ಬಂತು, ಇಲ್ಲಿ ಸುಡುವುದೇ. ಆದರೂ ಬಾಯಲ್ಲಿ ಬರುವುದು ಮಣ್ಣು ಎಂದೇ. ಈಗ ಆ ರೀತಿಯನ್ನೂ ಮುರಿದು, ಕುಂಕುಮ ಇನ್ನೂ ಹಣೆಯ ಮೇಲಿರುವಾಗಲೇ ಗುರುಬಾಯಿ ಮನೆ ಮನೆಯ ಕದ ಬಡಿಯುತ್ತಿದ್ದಳು.

ಜನ ಹೀಗೇಕೆ ಮಾಡುತ್ತಾರೆ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಚಾಳಿನ ಮಾಲೀಕ ಇಡೀ ಮೂರನೆಯ ಮಾಳಿಗೆಯ ಮೇಲೆ ದಾವೆ ಹಾಕಿದ್ದಾನೆ ಎಂಬ ಮಾತು ತಿಂಗಳಿಂದ ಹರಿದಾಡುತ್ತಿತ್ತು. ನಿನ್ನೆ ಶನಿವಾರ ಸಂಜೆ ಬಂಡೆಪ್ಪ ಮೆಟ್ಟಿಲೇರಿ ಬಂದಾಗ ಅವನ ಹೆಗಲಿನ ಚೀಲ ಉಬ್ಬಿದ್ದನ್ನು ಎಲ್ಲರೂ ನೋಡಿದ್ದರು. ಇವತ್ತು ಗಿರಣಿ ರಜೆ, ಗಂಡಸರೆಲ್ಲ ಮನೆಯಲ್ಲಿ. ಇಂಥ ದಿನವೇ ಅವನು ಹೆಣವಾದನೆಂದರೆ ಯಾರು ನಂಬಬೇಕು? ಮುಂದಿನ ಕದ ಬಡಿಯಲು ಹೊರಟಾಗ ಹಿಂದಿನಿಂದ ರಾಮಪ್ಪನ ಹೆಂಡತಿಯ ಪಿಸುಮಾತು ಗುರುಬಾಯಿಯ ಕಿವಿಗೆ ಬಿತ್ತು. “ಇದೂ ಒಂದು ಆಟ.”

ಕೆಳಗೆ ಹೋಟೆಲು ಇಟ್ಟುಕೊಂಡಿದ್ದ ಉಡುಪಿ ಕಡೆಯ ಮೋನಪ್ಪ ಬಿದಿರು, ಹಗ್ಗ ತಂದು ಗ್ಯಾಲರಿಯಲ್ಲಿ ಕೂತು ಚಟ್ಟ ಕಟ್ಟುತ್ತಿದ್ದ. ಅವನು ಕೋರ್ಟಿಗೂ ಸಂಬಂಧಪಟ್ಟವನಲ್ಲ, ಇಂಡಿಗೂ ಸಂಬಂಧಪಟ್ಟವನಲ್ಲ; ಬೆಳಗಿನ ಚಹಾ ಕುಡಿಯಲು ಬರುತ್ತಿದ್ದ ಮನುಷ್ಯ ಬರಲಿಲ್ಲವೆಂದು ಹತ್ತಿ ಬಂದವನು. ಹೊಟ್ಟೆಯ ಆಪರೇಷನ್ ಆಗಿ ಪಟ್ಟಿ ಬಿಗಿದುಕೊಂಡಿದ್ದರಿಂದ ಭಾರ ಎತ್ತುವಂತಿರಲಿಲ್ಲ. ಅವಳು ಬರಿಗೈಯಲ್ಲಿ ತಿರುಗಿ ಬಂದದ್ದನ್ನು ನೋಡಿ ಹಗ್ಗದ ಗಂಟು ಬಿಗಿಯುತ್ತಲೇ ಹೇಳಿದ.

“ಹೊತ್ತು ಏರ್ತಾ ಉಂಟು ಗುರುಬಾಯಮ್ಮ. ಈ ಸೆಕೆಯಲ್ಲಿ ಸಂಜೆವರೆಗೆ ಇಡ್ಲಿಕ್ಕೆ ಆಗ್ಲಿಕ್ಕಿಲ್ಲ. ಸ್ಟೇಶನ್ ಹತ್ರ ಹಮಾಲರು ಇದ್ದಾರೆ, ನಾಲ್ಕು ಜನರನ್ನು ಕರೆಸ್ತೇನೆ. ಹೆಣಕ್ಕೆ ಹೆಗಲು ಯಾರದ್ದಾದ್ರೆ ಎಂತ?”

“ಹಮಾಲರು ಹೊರಲಾಕ ಅವರೇನು ಗೋಣಿಚೀಲ ಏನ್ರಿ ಮೋನಪ್ಪಣ್ಣಾ?” ಎಂದಳು ಗುರುಬಾಯಿ.

ಈ ಮುಂಬಯಿಯಲ್ಲಿ ಮನುಷ್ಯ ಹೇಗಾದರೂ ಬದುಕಿಯಾನು. ಹಾದಿಯಲ್ಲಿ ಮಲಗಬಹುದು, ಪಾಯಖಾನೆಗೆ ಸಾಲು ಹಚ್ಚಬಹುದು, ಇದ್ದಷ್ಟು ದಿನ ಯಾರ ಹಂಗೂ ಬೇಡವೆನ್ನಬಹುದು. ಸತ್ತ ಮೇಲೆ ಮಾತ್ರ ತನ್ನವರು ನಾಲ್ಕು ಮಂದಿ ಬೇಕೇ ಬೇಕು. ಅಷ್ಟೂ ದಕ್ಕಲಿಲ್ಲವೆಂದರೆ ಆ ಬಾಳುವೆಗೆ ಅರ್ಥವೇನು? ಹಮಾಲರ ಹೆಗಲ ಮೇಲೆ ಹೋದನಂತೆ ಬಂಡೆಪ್ಪ ಎಂದು ಇಂಡಿಯ ಸಂತೆಯಲ್ಲಿ ಮಾತಾಗುವುದನ್ನು ಅವಳು ಈಗಲೇ ಕೇಳಿಸಿಕೊಂಡಳು.

*

ಬಂಡೆಪ್ಪ ಮೊದಲಿಂದ ಜನ ಹೆದರುವಂಥ ಬೇಲಿಫ ಆಗಿರಲಿಲ್ಲ. ಬೇಲಿಫ ಆದ ಹೊಸದರಲ್ಲಿ ಅವನಂಥ ಹೆಡ್ಡ ಬೇಲಿಫ ಆ ಕೋರ್ಟಿನಲ್ಲಿ ಮತ್ತೊಬ್ಬನಿರಲಿಲ್ಲ. ಬೆಳಿಗ್ಗೆ ಚೀಲದಲ್ಲಿ ಹೋದ ಕಾಗದಗಳು ಸಂಜೆ ಅದೇ ಚೀಲದಲ್ಲಿ ವಾಪಸು ಬರುತ್ತಿದ್ದವು. ಆಸಾಮಿ ಸಿಗದಿದ್ದರೆ ಅಥವಾ ಸಮನ್ಸು ಇಸಕೊಳ್ಳಲು ಒಲ್ಲೆ ಎಂದರೆ ಅದನ್ನು ಅವನ ಬಾಗಿಲಿಗೆ ಅಂಟಿಸಿ, ನೆರೆಯವರ ಸಾಕ್ಷಿ ಹಾಕಿಸಿ ಬರಬಹುದು. ಅದೂ ಜಾರಿಯಾದ ಲೆಕ್ಕವೇ. ಅದಕ್ಕೆಂದು ಗುರುಬಾಯಿ ದಿನಾ ಬೆಳಿಗ್ಗೆ ರೊಟ್ಟಿ ಬಡಿದಾದ ಮೇಲೆ ಅದೇ ಒಲೆಯ ಮೇಲೆ ಮೈದಾಹಿಟ್ಟಿನ ಅಂಟು ಕುದಿಸಿ ತಗಡಿನ ಡಬ್ಬಿಗೆ ಹಾಕಿಕೊಡುತ್ತಿದ್ದಳು. ಬುತ್ತಿ ಒಂದು ಕೈಯಲ್ಲಿ, ಅಂಟು ಒಂದು ಕೈಯಲ್ಲಿ. ಆದರೆ ಅಂಟಿಸಿದ ಕಾಗದವನ್ನು ಬೇಲಿಫ ಮೆಟ್ಟಿಲಿಳಿಯುವ ಮುಂಚೆಯೇ ಕಿತ್ತೆಸೆದು, ಕೋರ್ಟಿನಲ್ಲಿ ನಾನು ಕಂಡೇ ಇಲ್ಲ ಎಂದು ಪ್ರಮಾಣ ಮಾಡುವ ಮಂದಿಗೇನು ಬರವೇ? ಸಾಹೇಬರು ಬಂಡೆಪ್ಪನನ್ನು ನಿಲ್ಲಿಸಿ ಉಗಿದರು. ಕೈಗೆ ಕೊಟ್ಟು ಬಾ, ಆಗದಿದ್ದರೆ ಬೇರೆ ನೌಕರಿ ನೋಡಿಕೋ ಎಂದರು.

ಅದೇ ಬೇಸಿಗೆಯಲ್ಲಿ ಅವನು ಪವಾಯಿಯ ಕಲ್ಲುಗಣಿಯ ಕಡೆ ಗದಿಗೆಪ್ಪ ಎಂಬ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಿದ್ದ. ಮರಾಠಿಯಲ್ಲಿ ಕೂಗಿದ, ಹಿಂದಿಯಲ್ಲಿ ಕೂಗಿದ. ತಗಡಿನ ಕದ ಅಲ್ಲಾಡಲಿಲ್ಲ. ಬಿಸಿಲಿಗೆ ತಲೆ ತಿರುಗಿ ಹೊಸ್ತಿಲ ಹೊರಗೇ ಕೂತು, ಯಾರಿಗೂ ಅಲ್ಲದೆ ತನಗೇ ಎಂಬಂತೆ ನರಳಿದ: “ಯವ್ವಾ, ಒಂದು ತಂಬಿಗಿ ನೀರರೆ ಕೊಡ್ರೋ.”

ಕದ ತೆರೆಯಿತು. ನೀರಿನ ತಂಬಿಗೆ, ಬೆಲ್ಲದ ಉಂಡೆ ಹಿಡಿದು ಗದಿಗೆಪ್ಪನೇ ಹೊರಗೆ ಬಂದ. ಯಾವ ಊರು, ಯಾರ ಪೈಕಿ, ಭೀಮೆಯಲ್ಲಿ ಈ ಸಲ ನೀರು ಎಷ್ಟಿದೆ ಎಂದೆಲ್ಲ ಕೇಳಿದ. ಬಂಡೆಪ್ಪ ಬೆಲ್ಲ ತಿಂದ, ನೀರು ಕುಡಿದ, ತಂಬಿಗೆ ತಿರುಗಿ ಕೊಟ್ಟ. ಆಮೇಲೆ ಚೀಲದಿಂದ ಸಮನ್ಸು ತೆಗೆದು ಅದೇ ಕೈಗೆ ಇಟ್ಟ. ಓದು ಬಾರದ ಗದಿಗೆಪ್ಪ ಅದನ್ನು ತಿರುವಿ ನೋಡಿ, ಊರಿಂದ ಬಂದದೇನು ಎಂದು ಖುಷಿಯಿಂದ ಕೇಳುತ್ತಲೇ ಹೆಬ್ಬೆಟ್ಟು ಒತ್ತಿದ.

ಆ ಸಂಜೆ ಬಂಡೆಪ್ಪ ಪೇಡೆ ತಂದಿದ್ದ. ಉಣ್ಣುತ್ತ ಉಣ್ಣುತ್ತ ಇದನ್ನೆಲ್ಲ ಹೇಳಿ ನಕ್ಕ. ಗುರುಬಾಯಿಯೂ ನಕ್ಕಳು. “ಕನ್ನಡದಾಗ ಒಂದು ಮಾತು ಆಡಿದ್ರ ಸಾಕು, ಕದಾ ತಾನ ತಗೀತದ ನೋಡು,” ಎಂದ ಅವನು.

ಅಲ್ಲಿಂದ ಮುಂದೆ ಕನ್ನಡದವರ ಕಾಗದಗಳೆಲ್ಲ ಅವನ ಪಾಲಿಗೇ ಬಂದವು. ಪರೇಲಿನ ಚಾಳುಗಳಲ್ಲಿ, ಮಲಾಡಿನ ಝೋಪಡಿಗಳಲ್ಲಿ ಅವನು ಮುಚ್ಚಿದ ಕದದ ಮುಂದೆ ನಿಂತು, “ಊರಿಂದ ಬಂದೀನ್ರೀ” ಎಂದು ಎಳೆದು ಕೂಗುವನು. ವರ್ಷಗಟ್ಟಲೆ ತವರಿನ ಮಾತಿಗೆ ಹಸಿದ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದು ಚಿಲಕ ತೆಗೆಯುವರು. ಸಾಹೇಬರು ಬೆನ್ನು ತಟ್ಟಿದರು. ಆದರೆ ನಾಲ್ಕಾರು ವರ್ಷಗಳಲ್ಲಿ ಕನ್ನಡದವರ ಮನೆಗಳಲ್ಲಿ ಒಂದು ಬುದ್ಧಿಮಾತು ಹುಟ್ಟಿಕೊಂಡಿತು: ಹೊರಗೆ ಯಾರಾದರೂ ನಮ್ಮ ಮಾತಾಡಿದರೆ ಕದ ಹಾಕ್ಕೋರಿ. ಊರಿಂದ ನಿಜವಾಗಿ ಬಂದ ಸೋದರಮಾವಂದಿರು ಹುರಕ್ಕಿ ಹೋಳಿಗೆಯ ಗಂಟು ಹಿಡಿದು ಮೆಟ್ಟಿಲ ಮೇಲೆ ನಿಂತು ನಿಂತು ತಿರುಗಿ ಹೋದರು. ಗಂಡನ ಹಿಂದೆ ಜನ ಹಾಕುವ ಶಾಪ ನಲ್ಲಿಯ ಸಾಲಿನಲ್ಲಿ ನಿಂತ ಗುರುಬಾಯಿಗೆ ಕೇಳಿಸುತ್ತಿತ್ತು. ಕೇಳಿಸದವಳಂತೆ ಕೊಡ ತುಂಬಿಕೊಂಡು ಬರುತ್ತಿದ್ದಳು.

*

ಮಲ್ಲಕ್ಕ ಸಾವಂತನನ್ನು ಕರೆದುಕೊಂಡು ಬಂದಾಗ ಬಿಸಿಲು ಗ್ಯಾಲರಿಯ ಅರ್ಧಕ್ಕೆ ಬಂದಿತ್ತು. ಸಾವಂತ ನಿವೃತ್ತಿಗೆ ಬಂದ ಮುದುಕ. ಟೋಪಿ ತೆಗೆದು ಬಂಡೆಪ್ಪನ ಕಾಲು ಮುಟ್ಟಿ, ಉದ್ದಕ್ಕೂ ಸಾಲಾಗಿ ಮುಚ್ಚಿದ ಕದಗಳ ಮೇಲೆ ಕಣ್ಣಾಡಿಸಿದ. ಬಂಡೆಪ್ಪ ಇನ್ನೂ ಡ್ಯೂಟಿಯ ಮೇಲೆಯೇ ಇದ್ದಾನೆ ಎಂದು ಮರಾಠಿಯಲ್ಲಿ ಗೊಣಗಿದ. ಅವನದೊಂದು ಹೆಗಲಾಯಿತು. ಇನ್ನು ಮೂರು ಬೇಕು.

ಮಲ್ಲಕ್ಕ ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಔಷಧಿ ಕಂಪನಿಯಲ್ಲಿ ಡಬ್ಬಿ ತುಂಬುವ ಕೆಲಸ ಮಾಡುತ್ತಿದ್ದಳು. ಅವಳಿಗೆ ಈ ಕದಗಳನ್ನು ನೋಡಿ ಸಿಟ್ಟು ತಡೆಯಲಾಗಲಿಲ್ಲ. ಎರಡು ಕದಗಳನ್ನು ಅಂಗೈಯಿಂದ ಬಡಿದು ಹಿಂದಿಯಲ್ಲಿ ಕೂಗಾಡಿ ಬಂದಳು. ಆಮೇಲೆ ತಾಯಿಯ ಮುಂದೆ ಕುಸಿದು ಕೂತಳು.

“ಅವ್ವಾ, ಇವ್ರಿಗಿ ಇಷ್ಟು ಗುಸ್ಸಾ ಯಾಕ? ಅಪ್ಪ ಡ್ಯೂಟಿ ಕಿಯಾ, ಬಸ್. ಹನುಮವ್ವ ಮೌಶಿಗಿ ಕರದಿ ಏನು? ಅವ್ರು ಬಂದ್ರ ಸಬ್ ಲೋಗ್ ಬರ್ತಾರ.”

“ಇಲ್ಲ,” ಎಂದಳು ಗುರುಬಾಯಿ.

ಮಗಳು ಹೇಳಿದ್ದು ಖರೆಯೇ ಇತ್ತು. ಹನುಮವ್ವನ ಗಂಡ, ಮೂಲೆಯ ಖೋಲಿಯ ಹಣಮಂತ, ಆ ಮಾಳಿಗೆಗೆ ಹಿರಿಯ. ಗಿರಣಿಯಲ್ಲಿ ಮಗ್ಗ ನಡೆಸುವವನು, ಅವನು ಹೊರಬಿದ್ದರೆ ಎಲ್ಲರೂ ಹೊರಬೀಳುವರು. ಬೆಳಿಗ್ಗೆಯಿಂದ ಗುರುಬಾಯಿ ಗ್ಯಾಲರಿಯ ಕದಗಳನ್ನೆಲ್ಲ ಬಡಿದಿದ್ದಳು, ಅದೊಂದನ್ನು ಬಿಟ್ಟು. ಆ ಕದದ ಮುಂದೆ ಹಾಯುವಾಗ ಕಾಲುಗಳು ತಾವೇ ಬೇಗ ಬೇಗ ನಡೆದಿದ್ದವು. ಯಾಕೆಂದು ಮಗಳಿಗೆ ಹೇಗೆ ಹೇಳುವುದು?

*

ಹಣಮಂತನ ಹೆಂಡತಿ ಹನುಮವ್ವನೂ ಗುರುಬಾಯಿಯೂ ಒಂದೇ ಒರಳಿನಲ್ಲಿ ಖಾರ ಕುಟ್ಟಿದವರು. ಮೊಸರಿನ ಹೆಪ್ಪು ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಓಡಾಡುತ್ತಿತ್ತು. ಮಲ್ಲಕ್ಕ ಹುಟ್ಟಿದಾಗ ಬಾಣಂತನ ಮಾಡಿದವಳು ಹನುಮವ್ವ. ಹಣಮಂತ ಗುರುಬಾಯಿಯನ್ನು ಅಕ್ಕಾ ಎಂದು ಕರೆಯುತ್ತಿದ್ದ.

ಮೂಲೆಯ ಖೋಲಿ ಬೇಕೆಂದು ಮಾಲೀಕ ಮೊದಲು ದಾವೆ ಹಾಕಿದ್ದು ಹಣಮಂತನ ಮೇಲೆ, ಎರಡು ವರ್ಷದ ಹಿಂದೆ; ಅದು ಇನ್ನೂ ಕೋರ್ಟಿನಲ್ಲಿ ಎಳೆಯುತ್ತಲೇ ಇತ್ತು. ಕಾಗದ ಬಂಡೆಪ್ಪನ ಚೀಲಕ್ಕೆ ಬಂತು. ಒಂದೇ ಮಾಳಿಗೆಯ ಹಣಮಂತನಿಗೆ ಬಂಡೆಪ್ಪನ ದನಿ, ಕೆಮ್ಮು, ಚಪ್ಪಲಿಯ ಸಪ್ಪಳ ಎಲ್ಲ ಗೊತ್ತು. ಊರಿಂದ ಬಂದೀನ್ರೀ ಎಂದರೆ ಮೋಸ ಹೋದಾನೆಯೇ? ಹಣಮಂತ ಒಳಗೆ ಕೂತುಕೊಂಡೇ ಊರಿಗೆ ಹೋಗಿದ್ದ. ಸಮನ್ಸಿನ ವಾಯಿದೆ ಮುಗಿಯುತ್ತ ಬಂದ ಒಂದು ಬೆಳಿಗ್ಗೆ, ಮಲ್ಲಕ್ಕ ಕೆಲಸಕ್ಕೆ ಹೋದ ಮೇಲೆ, ಬಂಡೆಪ್ಪ ಒಲೆಯ ಮುಂದೆ ಕೂತು ಹೆಂಡತಿಗೆ ಹೇಳಿದ.

“ನೀ ಕರಿ.”

“ಏನಂತ ಕರೀಲಿ?”

“ಊರಿಂದ ಸುದ್ದಿ ಬಂದದ, ಗಂಡಸರಿಗಿ ಕರಿ, ಅನ್ನು. ಅಷ್ಟ. ಸತ್ತಾರ ಅಂತ ನೀ ಏನು ಅನ್ನಬ್ಯಾಡ.”

ಅನ್ನುವ ಅಗತ್ಯವೂ ಇರಲಿಲ್ಲ. ಅವರ ಕಡೆ ಮಗು ಹುಟ್ಟಿದರೆ, ಮದುವೆ ಗೊತ್ತಾದರೆ ಪತ್ರ ಬರುತ್ತದೆ. ಸುದ್ದಿ ಬಂತು ಎಂದರೆ ಅದಕ್ಕೆ ಒಂದೇ ಅರ್ಥ. ಅದು ಗಂಡನಿಗೆ ಗೊತ್ತಿದ್ದಷ್ಟೇ ಗುರುಬಾಯಿಗೂ ಗೊತ್ತಿತ್ತು. ಒಲ್ಲೆ ಎನ್ನಬಹುದಿತ್ತು. ನೌಕರಿ ಹೋದರೆ ಈ ಖೋಲಿಯೂ ಇಲ್ಲ, ಮಲ್ಲಕ್ಕನ ಮದುವೆಯೂ ಇಲ್ಲ ಎಂದುಕೊಂಡಳು. ಅಂಟಿನ ಪಾತ್ರೆ ಒಲೆಯಿಂದ ಇಳಿಸಿ, ಕೈ ಒರೆಸಿಕೊಂಡು ಹೋಗಿ ಕದ ಬಡಿದಳು.

“ಹನುಮವ್ವಾ, ಊರಿಂದ ಸುದ್ದಿ ಬಂದದ. ಗಂಡಸರಿಗಿ ಕರಿ.”

ಕದ ತಟ್ಟನೆ ತೆರೆಯಿತು. ಹನುಮವ್ವ ಏನು ಎಂದು ಕೇಳಿದಾಗ ಗುರುಬಾಯಿ ನೆಲ ನೋಡಿದಳು. ಹಣಮಂತ ಗಡ್ಡ ಮಾಡಿಕೊಳ್ಳುತ್ತಿದ್ದವನು ಒಂದು ಕೆನ್ನೆಯ ಮೇಲೆ ಸಾಬೂನಿನ ನೊರೆ ಇಟ್ಟುಕೊಂಡೇ ಬರಿಗಾಲಲ್ಲಿ ಹೊರಗೆ ಬಂದ. ಊರಿನಲ್ಲಿ ಅವನಿಗೆ ಇದ್ದವಳು ಮುದುಕಿ ತಾಯಿಯೊಬ್ಬಳೇ. ಅವ್ವಾ ಎಂದು ಗಂಟಲು ಹರಿಯುವಂತೆ ಕೂಗಿ, ತಂತಿಯ ಕಾಗದಕ್ಕೆಂದು ಕೈ ಚಾಚಿದ. ಕಂಬದ ಮರೆಯಿಂದ ಬಂದ ಬಂಡೆಪ್ಪ ಆ ಕೈಗೆ ಸಮನ್ಸು ಇಟ್ಟ.

ಇಂಗ್ಲಿಷಿನ ಕಾಗದ. ಹಣಮಂತ ಅದನ್ನು ಹಣೆಗೆ ಬಡಿದುಕೊಂಡು ಹೊಸ್ತಿಲಲ್ಲೇ ಕೂತು ಅತ್ತ. ಅದು ಸಾವಲ್ಲ, ಸಮನ್ಸು ಎಂದು ಬಂಡೆಪ್ಪನೇ ಹೇಳಬೇಕಾಯಿತು. “ಹಂಗಾರ ಅವ್ವ ಅದಾಳ?” ಎಂದು ಹಣಮಂತ ತಲೆಯೆತ್ತಿ ಕೇಳಿದ. ಅದಾಳ ಎಂದ ಬಂಡೆಪ್ಪ. ಆಗ ಹಣಮಂತನ ಮುಖ ಅರಳಿತಲ್ಲ, ಅದನ್ನು ಗುರುಬಾಯಿ ಸಾಯುವ ತನಕ ಮರೆಯಲಾರಳು. ಸಂತೋಷಕ್ಕೆ ಬಂಡೆಪ್ಪನ ಕೈಯನ್ನೇ ಕಣ್ಣಿಗೆ ಒತ್ತಿಕೊಂಡ. ತಾನು ಏನು ಇಸಕೊಂಡೆ ಎಂಬುದು ತಿಳಿದದ್ದು ಅದಾದ ಮೇಲೆ.

ಅದಾಗಿ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಇಂಡಿಯಿಂದ ಒಬ್ಬ ಮನುಷ್ಯ ಬಂದು ಗ್ಯಾಲರಿಯಲ್ಲಿ ನಿಂತು ಕೂಗಿದ. ಹಣಮಂತಾ, ಊರಿಂದ ಸುದ್ದಿ ತಂದೀನೋ ಎಂದ. ಹಣಮಂತ ಒಳಗಿದ್ದ. ಹನುಮವ್ವ ಎಲ್ಲಿ ಓ ಎಂದುಬಿಡುತ್ತಾಳೋ ಎಂದು ಅವಳ ಬಾಯಿಯ ಮೇಲೆ ಕೈ ಇಟ್ಟು ಹಿಡಿದಿದ್ದ. ಬಂದವನು ಕೂಗಿ ಕೂಗಿ ಸಾಕಾಗಿ, ಕೆಳಗೆ ಮೋನಪ್ಪನ ಹೋಟೆಲಿನಲ್ಲಿ ಚಹಾ ಕುಡಿದು, ಅವನ ಹತ್ತಿರ ಮಾತು ಹೇಳಿಟ್ಟು ಗಾಡಿ ಹಿಡಿಯಲು ಹೋದ. ಮೋನಪ್ಪ ಗಿರಾಕಿಗಳ ಗದ್ದಲ ಮುಗಿಸಿ ಹತ್ತಿ ಬಂದಾಗ ಸಂಜೆ. ಮುದುಕಿ ಹೋಗಿದ್ದು ಈ ಸಲ ಖರೆ. ಇವರು ಊರು ಮುಟ್ಟುವ ಹೊತ್ತಿಗೆ ಗೋರಿಯ ಮೇಲಿನ ಮಣ್ಣು ಒಣಗಿತ್ತು.

ಆವತ್ತಿನಿಂದ ಹಣಮಂತ ಯಾರ ಕೈಯಿಂದಲೂ ಏನನ್ನೂ ಇಸಕೊಳ್ಳುವುದಿಲ್ಲ. ಕಿರಾಣಿ ಅಂಗಡಿಯವನು ಪೊಟ್ಟಣ ಚಾಚಿದರೂ ಕೆಳಗಿಡು ಎನ್ನುತ್ತಾನೆ, ಬಸ್ಸಿನಲ್ಲಿ ಟಿಕೀಟು ಚಾಚಿದರೂ ಸೀಟಿನ ಮೇಲಿಡು ಎನ್ನುತ್ತಾನೆ. ಹೆಂಡತಿ ತಾಟು ತಂದರೂ ಅಷ್ಟೇ. ಚಾಳಿನ ಹುಡುಗರು ಅವನಿಗೆ ‘ಕೆಳಗಿಡು ಕಾಕಾ’ ಎಂದು ಹೆಸರಿಟ್ಟಿದ್ದರು.

ಮುದುಕಿಯ ವಿಷಯ ಕೇಳಿದ ದಿನ ಬಂಡೆಪ್ಪ ತಾಟಿನ ಮುಂದಿನಿಂದ ಅರ್ಧಕ್ಕೇ ಎದ್ದ. ನಾ ಏನು ಮಾಡಲಿ, ನನ್ನ ಡ್ಯೂಟಿ ಎಂದ. ಮರುದಿನ ಬೆಳಿಗ್ಗೆ ಮತ್ತೆ ಚೀಲ ಹೆಗಲಿಗೇರಿಸಿ, ಅಂಟಿನ ಡಬ್ಬಿ ಕೊಡು ಎಂದು ಕೈ ಚಾಚಿದ. ಗುರುಬಾಯಿ ಕೊಟ್ಟಳು.

*

“ಇನ್ನು ಕಾಯ್ಲಿಕ್ಕೆ ಆಗುದಿಲ್ಲಮ್ಮ,” ಎಂದ ಮೋನಪ್ಪ. “ಹಮಾಲರಿಗೆ ಹೇಳಿ ಕಳಿಸ್ತೇನೆ.”

ಸ್ನಾನ ಮಾಡಿಸಿ, ಹೊಸ ಪಂಚೆ ಹೊದಿಸಿ ಬಂಡೆಪ್ಪನನ್ನು ಚಟ್ಟದ ಮೇಲೆ ಮಲಗಿಸಿ ಕಟ್ಟಿದ್ದರು. ಕೈಗಳನ್ನು ಎದೆಯ ಮೇಲೆ ಜೋಡಿಸಿ ದಾರ ಸುತ್ತಿತ್ತು. ಗುರುಬಾಯಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ತಡೀರಿ. ಸಾವಂತಣ್ಣಾ, ತಲಿ ಕಡೆ ಹಿಡೀರಿ. ಮಲ್ಲಕ್ಕಾ, ನೀ ನನ್ನ ಸಂಗಾಟ ಕಾಲ ಕಡೆ ಬಾ. ಎತ್ತಲಾಕ ಆಗದಿದ್ರ ಎಳೀರಿ.”

ಮೂರೂ ಜನ ಸೇರಿ ಚಟ್ಟವನ್ನು ಅರ್ಧ ಎತ್ತಿ ಅರ್ಧ ಎಳೆದು ಗ್ಯಾಲರಿಯುದ್ದಕ್ಕೂ ತಂದರು. ಬಿದಿರು ಕಲ್ಲಿಗೆ ತಿಕ್ಕುವ ಸಪ್ಪಳ ಒಂದೊಂದೇ ಕದವನ್ನು ದಾಟಿತು. ರಾಮಪ್ಪನ ರೇಡಿಯೋ ಮತ್ತೆ ಹಾಡಲು ಶುರುಮಾಡಿದ್ದು ಮತ್ತೆ ನಿಂತಿತು. ಮೂಲೆಯ ಖೋಲಿಯ ಮುಂದೆ ಗುರುಬಾಯಿ ಸಾಕು ಎಂದಳು. ಹೊಸ್ತಿಲಿಗೆ ತಾಗುವಂತೆ, ಕಾಲು ಕದದ ಕಡೆ ಮಾಡಿ ಇಳಿಸಿದರು. ಇದೇನು ಮಾಡುತ್ತಿರುವೆ ಗುರುಬಾಯಿ ಎಂದು ಸಾವಂತ ಗಾಬರಿಯಿಂದ ಕೇಳಿದ. ಇಷ್ಟು ವರ್ಷ ನೀವಿಬ್ಬರೂ ಮಾಡಿದ್ದನ್ನೇ ಮಾಡುತ್ತಿದ್ದೇನೆ ಎಂದಳು ಗುರುಬಾಯಿ. ಇಸಕೊಳ್ಳದಿದ್ದರೆ ಬಾಗಿಲಿಗೆ ಹಚ್ಚಿ ಬರುತ್ತಿರಲಿಲ್ಲವೇ?

ಆಮೇಲೆ ಕದ ಬಡಿದಳು.

“ಹನುಮವ್ವಾ, ನಾ ಗುರುಬಾಯಿ. ಸುದ್ದಿ ತಂದಿಲ್ಲ. ಹೆಣಾ ತಂದೀನಿ. ಮುಟ್ಟಿ ನೋಡ್ಕೋ.”

ಒಳಗೆ ಪಿಸುಪಿಸು ನಡೆಯಿತು. ಚಿಲಕ ಸರಿಯಿತು, ಕದ ಒಂದು ಅಂಗೈ ಹಿಡಿಸುವಷ್ಟು ತೆರೆಯಿತು. ಆ ಸಂದಿಯಿಂದ ಹಸಿರು ಬಳೆಯ ಕೈಯೊಂದು ಹೊರಗೆ ಬಂದು ಚಾದರದ ಮೇಲೆ ತಡವರಿಸಿ, ಕಟ್ಟಿದ ಕಾಲ ಹೆಬ್ಬೆರಳುಗಳನ್ನು ಹುಡುಕಿ ಹಿಡಿದು ಒತ್ತಿತು. ಒತ್ತಿದ ಕೂಡಲೇ ಕೆಂಡ ಮುಟ್ಟಿದ ಹಾಗೆ ಒಳಗೆ ಹೋಯಿತು.

“ತಣ್ಣಗ ಅದ,” ಎಂದು ಹನುಮವ್ವ ಒಳಗೆ ಹೇಳಿದ್ದು ಕೇಳಿಸಿತು.

ಕದ ಪೂರ್ತಿ ತೆರೆದು ಹಣಮಂತ ಹೊರಗೆ ಬಂದ. ಮುಖ ನೋಡಲಿಲ್ಲ. ಬಗ್ಗಿ, ದಾರ ಸುತ್ತಿದ ಆ ಎರಡು ಕೈಗಳನ್ನು ನೋಡಿದ. ಬೆರಳ ಸಂದಿಯಲ್ಲಿ ಕಾಗದವೇನಾದರೂ ಇದೆಯೇ ಎಂದು ನೋಡಿದ. ಮಲ್ಲಕ್ಕ ಅದನ್ನು ಕಂಡು ಮುಖ ಮುಚ್ಚಿಕೊಂಡಳು. ಹಣಮಂತ ನಿಧಾನಕ್ಕೆ ನೆಟ್ಟಗಾದ. ಅಕ್ಕಾ ಎನ್ನಲಿಲ್ಲ.

“ನಮ್ಮವ್ವನ ಮಣ್ಣಿಗಿ ನಾ ಹೋಗಲಿಲ್ಲ,” ಎಂದ. “ಇಂವನ ಮಣ್ಣಿಗಿ ಹೊಂಟೀನಿ, ನೋಡು.”

ಹಣಮಂತ ಗ್ಯಾಲರಿಯ ಕಡೆ ತಿರುಗಿ, ಖರೇನ ಸತ್ತಾನ, ಬರ್ರಿ ಎಂದು ಕೂಗಿದ. ಅಷ್ಟೇ ಸಾಕಾಯಿತು. ಈ ಕಡೆಯಿಂದ ಆ ಕಡೆಯವರೆಗೆ ಚಿಲಕಗಳು ಸರಿದವು. ರಾಮಪ್ಪ ಮೊಣಕಾಲಿನ ಧೂಳು ಜಾಡಿಸುತ್ತ ಊರಿಂದ ಬಂದ. ಬೆಳಿಗ್ಗೆಯಿಂದ ಒಂದು ಹೆಗಲು ಸಿಗದ ಕಡೆ ಈಗ ನಾನು ತಾನು ಎನ್ನುವಷ್ಟು ಹೆಗಲುಗಳು. ಹೇಗೆ ಹೋದ, ಏನಾಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಚಟ್ಟ ಮೇಲೆದ್ದಾಗ ಹಿಂದಿನ ಸಾಲಿನಲ್ಲಿ ಯಾರೋ, ಹೊಸ ಬೇಲಿಫ ಬರುವ ತನಕ ಚಿಂತಿಲ್ಲ ಎಂದದ್ದು, ಇನ್ಯಾರೋ ಮೂಗಿನಲ್ಲೇ ನಕ್ಕದ್ದು ಗುರುಬಾಯಿಗೆ ಕೇಳಿಸಿತು. ನಗಲಿ, ಹೊತ್ತರೆ ಸಾಕು ಎಂದುಕೊಂಡಳು. ಮಗನಿಲ್ಲದವನ ಬೆಂಕಿಯ ಗಡಿಗೆ ಸಾವಂತ ಹಿಡಿದ. ಮುಂದಿನ ಬಲಹೆಗಲು ಹಣಮಂತನದು. ಕಿರಿದಾದ ಮೆಟ್ಟಿಲುಗಳ ತಿರುವಿನಲ್ಲಿ ಎಲ್ಲರೂ ಬಿದಿರನ್ನು ಕೈಯಿಂದ ಬಿಗಿಯಾಗಿ ಹಿಡಿದುಕೊಂಡರು. ಹಣಮಂತ ಮಾತ್ರ ಹೆಗಲಷ್ಟೇ ಕೊಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಇಳಿದ.

*

ಹೆಂಗಸರು ಸುಡುಗಾಡಿಗೆ ಹೋಗುವುದಿಲ್ಲ. ತಾಯಿ ಮಗಳು ಖೋಲಿ ತೊಳೆದು, ಹೆಣ ಇದ್ದ ಜಾಗದಲ್ಲಿ ದೀಪ ಹಚ್ಚಿಟ್ಟು ಕೂತರು. ಮೊಳೆಗೆ ಚೀಲ ಹಾಗೇ ಉಬ್ಬಿಕೊಂಡು ತೂಗುತ್ತಿತ್ತು. ನಾಳೆ ಸಾವಂತ ಬಂದು ಕೋರ್ಟಿಗೆ ಒಪ್ಪಿಸುತ್ತಾನೆ. ಒಲೆಯ ಪಕ್ಕದ ಡಬ್ಬಿಯಲ್ಲಿ ನಿನ್ನೆಯ ಅಂಟು ಒಣಗಿ ಬಿರುಕು ಬಿಟ್ಟಿತ್ತು. ಚೆಲ್ಲಲೇನು ಎಂದು ಮಲ್ಲಕ್ಕ ಕೇಳಿದಳು. ಗುರುಬಾಯಿ ದೀಪಕ್ಕೆ ಎಣ್ಣೆ ಹಾಕಿದಳು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆರೆಯವರು ಬುತ್ತಿ ತಂದು, ಕೈಯಾರೆ ಕೊಟ್ಟು, ಒಂದು ತುತ್ತು ಉಣ್ಣಿಸಿ ಹೋಗಬೇಕು. ಇವತ್ತು ಅದು ಎಲ್ಲಿಂದ ಬರಬೇಕು ಎಂದು ಗುರುಬಾಯಿ ಮಗಳಿಗೆ ಕೆಳಗಿನಿಂದ ಪಾವುಬ್ರೆಡ್ಡು ತಾ ಎನ್ನುವಷ್ಟರಲ್ಲಿ ಕದದ ಸಪ್ಪಳವಾಯಿತು. ಕೂಗಿಲ್ಲ, ಮಾತಿಲ್ಲ. ಬರೀ ಬೆರಳ ಗಿಣ್ಣಿನ ಸಪ್ಪಳ.

ಯಾರು ಎಂದು ಕೇಳದೆ ಗುರುಬಾಯಿ ಎದ್ದು ಕದ ತೆರೆದಳು.

ಹನುಮವ್ವ ನಿಂತಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು. ಬಿಸಿ ರೊಟ್ಟಿ, ಝುಣಕದ ವಾಸನೆ ಬಂತು. ಬಾಣಂತನದ ದಿನಗಳಲ್ಲಿ ಇದೇ ತಾಟಿನಲ್ಲಿ ಇದೇ ಹೊಸ್ತಿಲಿಗೆ ಬುತ್ತಿ ಬರುತ್ತಿತ್ತು. ಬಂದ್ಯಾ ನಮ್ಮವ್ವಾ ಎನ್ನುತ್ತ ಗುರುಬಾಯಿ ಎರಡೂ ಕೈ ಚಾಚಿದಳು.

ಹನುಮವ್ವ ಆ ಕೈಗಳನ್ನು ನೋಡಿದಳು. ಅವಳ ಕಣ್ಣಲ್ಲೂ ನೀರಿತ್ತು. ಆಮೇಲೆ ಬಗ್ಗಿ ತಾಟನ್ನು ಹೊಸ್ತಿಲ ಹೊರಗೆ ನೆಲದ ಮೇಲಿಟ್ಟು, ತಿರುಗಿ ನೋಡದೆ ಹೋದಳು.

ಗ್ಯಾಲರಿಯ ಮೂಲೆಯಲ್ಲಿ ಚಿಲಕ ಬಿದ್ದ ಸಪ್ಪಳ ಕೇಳಿತು. ಗುರುಬಾಯಿಯ ಕೈಗಳು ಚಾಚಿದ ಹಾಗೆಯೇ ಇದ್ದವು.